ಕಾಫಿ ಮಲೆಯಲ್ಲಿ ಹಳೆ ಜೀಪಿನ ವ್ಯಾಪಾರ

ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಾಫಿ ಸೀಮೆಯಲ್ಲಿ ತೋಟದ ವಾಹನವೆಂದರೆ ಬಹುಕಾಲ ಜೀಪು. ಅದರಲ್ಲೂ ಬಹಳಷ್ಟು ಜೀಪುಗಳು ಒಂದೆರಡು ಕೈ ದಾಟಿ ಬಂದವು. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮೂಡಿಗೆರೆ, ಮಂಗಳೂರು, ಕಳಸದ ದಾರಿಗಳು ಕೂಡುತ್ತವೆ. ಈ ರಸ್ತೆಗಳಿಂದ ತೋಟಗಳತ್ತ ಕವಲೊಡೆಯುವ ಮಣ್ಣಿನ ದಾರಿಗಳು ಮಳೆಗಾಲದಲ್ಲಿ ಕೆಸರಿನ ಕಾಲುವೆಗಳಾಗುತ್ತವೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯಷ್ಟೇ ಅಲ್ಲಿ ಏರೀತು, ಅದೂ ಕೆಲವೆಡೆ ಟೈರಿಗೆ ಚೈನ್ ಕಟ್ಟಿದರೆ ಮಾತ್ರ. ಜೀಪು ಬರುವ ಮೊದಲು ತೋಟದ ಯಜಮಾನರ ಓಡಾಟ ಕುದುರೆಯನ್ನೂ, ಕಾಫಿ ಮೂಟೆಗಳ ಸಾಗಾಟ ಎತ್ತಿನ ಗಾಡಿಯನ್ನೂ ನಂಬಿತ್ತು. ಘಾಟಿ ಇಳಿದ ಕಾಫಿ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರುತ್ತಿತ್ತು.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ. ಅಮೆರಿಕದ ಬ್ಯಾಂಟಮ್ ಕಂಪನಿ 1940ರಲ್ಲಿ ಮೊದಲ ಮಾದರಿ ತಯಾರಿಸಿತು. 1941ರಿಂದ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಗಾಡಿ ಕಟ್ಟಿದವು. ಬರ್ಮಾ ರಣರಂಗಕ್ಕಾಗಿ ಭಾರತಕ್ಕೂ ಇವು ಬಂದವು. ಯುದ್ಧದ ನಂತರ ಮಿತ್ರಪಡೆಗಳು ಬಿಟ್ಟುಹೋದ ಗಾಡಿಗಳು ಹರಾಜಿಗೆ ಬಂದವು. ಮುಂದೆ ಭಾರತೀಯ ಸೇನೆ ಕೈಬಿಟ್ಟ ಜೀಪುಗಳೂ ಅದೇ ದಾರಿ ಹಿಡಿದವು. ಜನರ ಬಾಯಲ್ಲಿ ಇವೆಲ್ಲ ‘ಮಿಲಿಟರಿ ಡಿಸ್ಪೋಸಲ್’ ಗಾಡಿಗಳು.

ಹರಾಜಿನ ಷರತ್ತು ಸರಳವಾಗಿತ್ತು: ಗಾಡಿ ಎಲ್ಲಿದೆಯೋ ಅಲ್ಲಿಂದ, ಹೇಗಿದೆಯೋ ಹಾಗೆ ಒಯ್ಯಬೇಕು. ವಾರಂಟಿಯ ಮಾತೇ ಇರಲಿಲ್ಲ. ಯುದ್ಧಕಾಲದ ವಿಲ್ಲೀಸ್ ಗಾಡಿಯ ಸ್ಟೀರಿಂಗ್ ಎಡಬದಿಗಿತ್ತು, ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲಿತ್ತು, ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಘಾಟಿಯ ಮಂಜಿನಲ್ಲಿ ಅದರ ಮಂದ ಹೆಡ್‌ಲೈಟ್ ಸಾಲುತ್ತಿರಲಿಲ್ಲ. ಆದ್ದರಿಂದ ಇಂಥ ಗಾಡಿ ಕೈಗೆ ಬಂದರೆ 12 ವೋಲ್ಟಿಗೆ ಬದಲಾಯಿಸುವ ಕೆಲಸವೇ ಮೊದಲು ಬೀಳುತ್ತಿತ್ತು. 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನಿಗೆ ‘ಲೋ’ ಗೇರ್ ಸೇರಿದಾಗ ಮಾತ್ರ ಗಾಡಿಯ ಕಸುವು ಕಾಣುತ್ತಿತ್ತು. ಆ ಗೇರಿನಲ್ಲಿ ವೇಗ ಸುಮಾರು ಎರಡು ಪಟ್ಟು ತಗ್ಗುತ್ತದೆ, ಎಳೆಯುವ ಬಲ ಅಷ್ಟೇ ಹೆಚ್ಚುತ್ತದೆ.

ಹಳೆ ಜೀಪಿನ ವ್ಯಾಪಾರ ದಶಕಗಟ್ಟಲೆ ಬಾಳಿದ್ದಕ್ಕೆ ಮುಖ್ಯ ಕಾರಣ ಬಿಡಿಭಾಗ. 1945ರಲ್ಲಿ ಸ್ಥಾಪನೆಯಾಗಿ 1948ರಲ್ಲಿ ಈಗಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ, 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರುಮಾಡಿತು. ಮುಂದೆ ಅದು ತಯಾರಿಸಿದ ಸಿಜೆ-3ಬಿ ಮಾದರಿಯ ಚಾಸಿ, ಆಕ್ಸಲ್, ಗೇರ್‌ಬಾಕ್ಸ್ ಯುದ್ಧಕಾಲದ ಜೀಪಿನ ವಂಶದವೇ. ಅದರ ‘ಹರಿಕೇನ್’ ಎಂಜಿನ್ನಿನಲ್ಲಿ ಹೆಡ್ ಹೊಸದು, ಕೆಳಭಾಗ ಹೆಚ್ಚುಕಡಿಮೆ ಹಳೆಯದೇ. ಹೀಗಾಗಿ ಡಿಸ್ಪೋಸಲ್ ಗಾಡಿಗೆ ಹೊಸ ಗಾಡಿಯ ಎಷ್ಟೋ ಭಾಗಗಳು ಹೊಂದುತ್ತಿದ್ದವು. ಪಟ್ಟಣದ ಗ್ಯಾರೇಜಿನಲ್ಲಿ ಒಂದು ಮಾದರಿ ಕಲಿತ ಮೆಕ್ಯಾನಿಕ್ಕಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಕಂಪನಿ ಕೊಡದ ಭರವಸೆಯನ್ನು ಆ ಮೆಕ್ಯಾನಿಕ್ ಕೊಡುತ್ತಿದ್ದ. ಅವನು ಹೂಂ ಎನ್ನದೆ ವ್ಯಾಪಾರ ಕುದುರುತ್ತಿರಲಿಲ್ಲ.

ಮೆಕ್ಯಾನಿಕ್ ನೋಡುವ ಕ್ರಮವೂ ರೂಢಿಯಾಗಿತ್ತು. ಮೊದಲು ಗಾಡಿಯಡಿ ನುಗ್ಗಿ, ಸ್ಪ್ರಿಂಗ್ ಪಟ್ಟೆಗಳು ಚಾಸಿಗೆ ಕೂಡುವ ಕಡೆ ಬಿರುಕು, ತುಕ್ಕು, ವೆಲ್ಡಿಂಗ್ ಗುರುತು ಹುಡುಕುವುದು. ತೋಟದ ದಾರಿಯ ಏಟು ಮೊದಲು ಬೀಳುವುದು ಅಲ್ಲಿಗೇ. ಆಮೇಲೆ ಮುಂಚಕ್ರ ಎತ್ತಿ ಅಲುಗಾಡಿಸಿ, ಅದು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಸವೆದಿದೆಯೇ ಎಂದು ನೋಡುವುದು, ಸ್ಟೀರಿಂಗಿನ ‘ಪ್ಲೇ’ (ಸಡಿಲ) ಅಳೆಯುವುದು. ಏರಿನಲ್ಲಿ ಫೋರ್‌ವೀಲ್ ಹಾಕಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಬಿಟ್ಟು, ಗೇರು ತಾನೇ ಹಾರುತ್ತದೆಯೇ ಎಂದು ಪರೀಕ್ಷಿಸುವುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಸಿಲಿಂಡರ್ ಬೋರ್ ಮಾಡಿಸಬೇಕು ಎಂದರ್ಥ. ಆ ಖರ್ಚು ಬೆಲೆಯಲ್ಲಿ ಕಡಿತವಾಗುತ್ತಿತ್ತು. ಬಣ್ಣ, ಟಾಪು, ಸೀಟಿನ ಅಂದಚೆಂದಕ್ಕೆ ಕಡೆಯ ಸ್ಥಾನ.

ವ್ಯಾಪಾರದ ಏರಿಳಿತ ಕಾಫಿಯ ಬೆಲೆಗೆ ಅಂಟಿಕೊಂಡಿತ್ತು. 1942ರ ಕಾಫಿ ಕಾಯಿದೆಯಡಿ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಮಾರಾಟದ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಇಡಿಗಂಟಿನ ಹಣ ಕೈಯಲ್ಲಿ ನಿಲ್ಲದವರಿಗೆ ಹೊಸ ಗಾಡಿಗಿಂತ ಹಳೆಯದೇ ಎಟುಕುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂತು. 1994ರಲ್ಲಿ ಬ್ರೆಜಿಲ್‌ನ ಕಾಫಿ ಹಿಮಕ್ಕೆ ಸುಟ್ಟುಹೋದಾಗ ಇಲ್ಲಿ ಬೆಲೆ ಗಗನಕ್ಕೇರಿತು. ಇಂಥ ವರ್ಷಗಳಲ್ಲಿ ದೊಡ್ಡ ತೋಟದವರು ಹೊಸ ಗಾಡಿ ಕೊಂಡಂತೆ ಅವರ ಹಳೆಯವು ಸಣ್ಣ ಬೆಳೆಗಾರರ ಕೈ ಸೇರುತ್ತವೆ. 2000ದ ಆಸುಪಾಸಿನಲ್ಲಾದಂತೆ ಬೆಲೆ ಕುಸಿದ ಕಾಲದಲ್ಲಿ, ಇರುವ ಗಾಡಿಯನ್ನೇ ರಿಪೇರಿ ಮಾಡಿ ಓಡಿಸುವುದು ಅನಿವಾರ್ಯ.

ಪೆಟ್ರೋಲ್ ದುಬಾರಿಯಾದ ಮೇಲೆ ಡೀಸೆಲ್ ಜೀಪಿಗೆ ಬೇಡಿಕೆ ಕುದುರಿತು. 1980ರ ದಶಕದಲ್ಲಿ ಮಹೀಂದ್ರ, ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಕೂಡಿಸಿದ ಜೀಪುಗಳನ್ನು ಹೊರತಂದಿತು. ಹಳೆ ಪೆಟ್ರೋಲ್ ಗಾಡಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸುವುದೂ ಗ್ಯಾರೇಜುಗಳ ಕೆಲಸವಾಯಿತು. ಇದರಿಂದ ಕೊಳ್ಳುವವರಿಗೆ ಹೊಸ ತಾಪತ್ರಯ ಬಂತು: ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರಿಗೂ ಬಾನೆಟ್ಟಿನಡಿಯ ನಂಬರಿಗೂ ತಾಳೆಯಾಗದಿದ್ದರೆ ಗಾಡಿ ಹೆಸರಿಗೆ ಬರುವುದಿಲ್ಲ. 1989ರ ಜುಲೈ 1ರಿಂದ ಜಾರಿಯಾದ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇಂಥ ಮಾರ್ಪಾಡಿಗೆ ಕಟ್ಟುಪಾಡಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಗಾಡಿ ಹೆಸರಿಗೆ ಬರಲು ಫಾರಂ 29 ಮತ್ತು 30ರಲ್ಲಿ ವರ್ಗಾವಣೆ, ಸಾಲವಿದ್ದರೆ ಫಾರಂ 35ರಲ್ಲಿ ಅದರ ತೀರುವಳಿ ಆಗಬೇಕು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. ಕಾರು, ಜೀಪಿನ ವರ್ಗಕ್ಕೆ ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

2010ರಲ್ಲಿ ಬಂದ ಮಹೀಂದ್ರ ಥಾರ್ ಮತ್ತು 2020ರ ಅದರ ಹೊಸ ರೂಪದೊಂದಿಗೆ ವ್ಯಾಪಾರದ ಬಗೆಯೇ ಬದಲಾಯಿತು. ಈಗಿನ ಎಂಜಿನ್ನಿಗೆ ಸೆನ್ಸರು, ಕಂಪ್ಯೂಟರುಗಳಿವೆ. ಸ್ಪ್ಯಾನರಿನಿಂದ ಎಲ್ಲ ದೋಷ ಪತ್ತೆಯಾಗದು. ಆದ್ದರಿಂದ ಕಂಪನಿಯ ವಾರಂಟಿಗೆ ತೂಕ ಬಂದಿದೆ. ಅದು ಮುಗಿಯುವ ಹೊತ್ತಿಗೆ ಮಾರಾಟಕ್ಕೆ ಬರುವ ಗಾಡಿಗೆ ಬೆಲೆ ಇಳಿಯುತ್ತದೆ, ಮುಂದಿನ ದೊಡ್ಡ ರಿಪೇರಿ ಕೊಂಡವರ ತಲೆಗೆ ಬರುವುದರಿಂದ. ಅವಧಿ ಬಾಕಿ ಇರುವಾಗಲೇ ಅಧಿಕೃತ ವರ್ಕ್‌ಶಾಪಿನಲ್ಲಿ ಪೂರ್ತಿ ತಪಾಸಣೆ ಮಾಡಿಸಿದರೆ ಹಲವು ದೋಷಗಳು ವಾರಂಟಿಯಡಿಯೇ ಸರಿಯಾಗುತ್ತವೆ. ವಾರಂಟಿ ಮುಂದಿನ ಮಾಲೀಕರಿಗೆ ದಾಟುತ್ತದೆಯೇ, ಸರ್ವೀಸ್ ಹೊತ್ತಿಗೆ ಸರಿಯಾಗಿ ಆಗಿದೆಯೇ ಎಂದು ದಾಖಲೆ ನೋಡಬೇಕು. ದೊಡ್ಡ ಟೈರು, ಹೆಚ್ಚುವರಿ ಲೈಟು, ನೀರಿನಲ್ಲಿ ಮುಳುಗಿದ ಗುರುತು ಇದ್ದರೆ ಕಂಪನಿ ವಾರಂಟಿಯ ಕ್ಲೇಮನ್ನು ತಿರಸ್ಕರಿಸಬಹುದು. ಹೊಳೆ ದಾಟುವ, ಟ್ರೆಕ್ಕಿಂಗ್ ಪ್ರವಾಸಿಗರನ್ನು ಏರಿಸುವ ಮಲೆನಾಡಿನ ಗಾಡಿಗಳಲ್ಲಿ ಈ ಮೂರನ್ನೂ ಕಡ್ಡಾಯವಾಗಿ ನೋಡಬೇಕು. ಚಾಸಿಯ ಬಿರುಕು, ಕಿಂಗ್‌ಪಿನ್ನಿನ ಜಾಗದಲ್ಲೀಗಿರುವ ಬಾಲ್ ಜಾಯಿಂಟ್, ಸಸ್ಪೆನ್ಷನ್ನಿನ ಸವೆತಗಳಿಗಾದರೆ ಹಳೆಯ ಪರೀಕ್ಷೆಯೇ ಇಂದಿಗೂ ಸಾಕು.