ಸಾಂಕ್ರಾಮಿಕ ರೋಗ ನಿಯಂತ್ರಣದಲ್ಲಿ ಮೊಬೈಲ್ ಫೋನ್: ಇತಿಹಾಸ

ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಮೊಬೈಲ್ ಫೋನಿನ ಬಳಕೆಯನ್ನು ಹಲವರು 2020ರ ಕೋವಿಡ್ ಆ್ಯಪ್‌ಗಳಿಂದ ಎಣಿಸುತ್ತಾರೆ. ಚರಿತ್ರೆ ಅದಕ್ಕಿಂತ ಹಳೆಯದು. 2003ರ ಫೆಬ್ರವರಿಯಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಸಾರ್ಸ್ ಸುದ್ದಿ ಅಧಿಕಾರಿಗಳು ಬಾಯಿಬಿಡುವ ಮೊದಲೇ ಎಸ್ಸೆಮ್ಮೆಸ್‌ಗಳಲ್ಲಿ ಹರಿದಾಡಿತ್ತು. ಬ್ಲೂಟೂತ್‌ನಿಂದ ಜನರ ಒಡನಾಟ ಅಳೆಯುವ ಪ್ರಯೋಗವನ್ನು ಕೇಂಬ್ರಿಜ್‌ನ ಫ್ಲೂಫೋನ್ ಯೋಜನೆ 2011ರ ಹೊತ್ತಿಗೇ ಮಾಡಿತ್ತು. ಸೇರಲು ಮುಂದೆ ಬಂದವರು ಮಾತ್ರ ತೀರ ಕಡಿಮೆ.

ಮಹತ್ವದ ತಿರುವು ಹೈಟಿಯದು. 2010ರ ಜನವರಿಯ ಭೂಕಂಪದ ಬಳಿಕ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಲೀನಸ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಡಿಜಿಸೆಲ್ ಕಂಪನಿಯ ಸುಮಾರು 19 ಲಕ್ಷ ಸಿಮ್‌ಗಳ ಗುರುತಿಲ್ಲದ ದಾಖಲೆಗಳಿಂದ ಜನರ ವಲಸೆಯನ್ನು ಅಂದಾಜಿಸಿದರು. ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿದಾಗ, ಸೋಂಕಿನ ಪ್ರದೇಶದಿಂದ ಜನ ಎತ್ತ ಹೋಗುತ್ತಿದ್ದಾರೆಂಬ ವರದಿಯನ್ನು ದಾಖಲೆ ಕೈಸೇರಿದ 12 ಗಂಟೆಗಳೊಳಗೆ ಸಿದ್ಧಪಡಿಸಿ ಪರಿಹಾರ ಸಂಸ್ಥೆಗಳಿಗೆ ಹಂಚಿದರು. 2012ರಲ್ಲಿ ಕೀನ್ಯಾದ ಸುಮಾರು 1.5 ಕೋಟಿ ಚಂದಾದಾರರ ದಾಖಲೆಗಳಿಂದ ಮಲೇರಿಯಾ ಪರೋಪಜೀವಿ ಸಾಗುವ ದಾರಿಗಳನ್ನು ಗುರುತಿಸಲಾಯಿತು.

ಗೊಂದಲ ಹೆಚ್ಚಿರುವುದು 2014–16ರ ಎಬೋಲಾ ಕಾಲದ ಬಗ್ಗೆ. ಪಶ್ಚಿಮ ಆಫ್ರಿಕಾದಲ್ಲಿ ಕರೆ ದಾಖಲೆಗಳನ್ನು ಹಿಡಿದು ರೋಗದ ಬೆನ್ನುಹತ್ತಿದರೆಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ 2014ರಲ್ಲಿ ಪ್ರಕಟವಾದ ಸಂಚಾರ ನಕ್ಷೆಗಳಿಗೆ ಆಧಾರವಾದದ್ದು ಸೆನೆಗಲ್, ಐವರಿ ಕೋಸ್ಟ್, ಕೀನ್ಯಾಗಳ ಹಿಂದಿನ ವರ್ಷಗಳ ದಾಖಲೆ. ಸಿಯೆರಾ ಲಿಯೋನ್‌ನ ಸ್ವಂತ ಕರೆ ದಾಖಲೆಗಳ ಅಧ್ಯಯನ 2018ರಲ್ಲಿ ಹೊರಬಂದಾಗ ರೋಗ ಅಡಗಿ ಎರಡು ವರ್ಷ ಕಳೆದಿತ್ತು. ದಿನನಿತ್ಯದ ಭಾರ ಹೊತ್ತದ್ದು ಸರಳ ಸಾಧನಗಳು, ಇದನ್ನು ಒತ್ತಿ ಹೇಳಬೇಕು. ತಾಯಿ-ಮಕ್ಕಳ ಆರೋಗ್ಯಕ್ಕೆಂದು ಸಿಯೆರಾ ಲಿಯೋನ್‌ನಲ್ಲಿ ಇದ್ದ 117 ಸಹಾಯವಾಣಿಗೆ ಶಂಕಿತರ ಮತ್ತು ಸಾವುಗಳ ಮಾಹಿತಿ ಬರತೊಡಗಿತು. ಸುರಕ್ಷಿತ ಅಂತ್ಯಸಂಸ್ಕಾರದ ತಂಡಗಳು ಹೊರಡುತ್ತಿದ್ದುದು ಆ ಕರೆಗಳಿಂದ. ಲೈಬೀರಿಯಾದಲ್ಲಿ ಎಮ್‌ಹೀರೋ ವ್ಯವಸ್ಥೆ ಆರೋಗ್ಯ ಸಿಬ್ಬಂದಿಯನ್ನೂ ಸಚಿವಾಲಯವನ್ನೂ ಎಸ್ಸೆಮ್ಮೆಸ್‌ನಲ್ಲಿ ಬೆಸೆಯಿತು. ನೈಜೀರಿಯಾದಲ್ಲಿ ಸಂಪರ್ಕಿತರ ವಿವರ ದಾಖಲಿಸಲು ಆ್ಯಂಡ್ರಾಯ್ಡ್ ಫೋನ್ ನೆರವಾಯಿತಾದರೂ, ಸೋಂಕು 20 ಪ್ರಕರಣಗಳಿಗೆ ನಿಂತದ್ದರ ಹಿಂದೆ ಕಾರ್ಯಕರ್ತರು ಖುದ್ದಾಗಿ ಮಾಡಿದ ಸುಮಾರು 18,500 ಭೇಟಿಗಳಿವೆ. ಫೋನಿನ ಕೀರ್ತಿಯಲ್ಲಿ ಅವರ ಶ್ರಮ ಮರೆಯಾಗಬಾರದು.

ಒಪ್ಪಿಗೆಯಿಲ್ಲದೆ ಜನರ ಕರೆ ದಾಖಲೆ ಪಡೆಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಲೈಬೀರಿಯಾದ ಉದಾಹರಣೆಯೊಂದಿಗೆ ಸಂಶೋಧಕ ಶಾನ್ ಮೆಕ್‌ಡೊನಾಲ್ಡ್ 2016ರ ಪ್ರಬಂಧವೊಂದರಲ್ಲಿ ವಿವರವಾಗಿ ಎತ್ತಿದರು. ಆ ಪ್ರಬಂಧವನ್ನು ಪ್ರಕಟಿಸಿದ್ದು ಬೆಂಗಳೂರು ಮೂಲದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ.

ಕೋವಿಡ್ ಕಾಲದಲ್ಲಿ ಸಂಪರ್ಕಿತರನ್ನು ಪತ್ತೆಹಚ್ಚುವ ಆ್ಯಪ್‌ಗಳ ಸರದಿ: 2020ರ ಮಾರ್ಚ್ 20ರಂದು ಸಿಂಗಪುರದ ಟ್ರೇಸ್‌ಟುಗೆದರ್, ಏಪ್ರಿಲ್ 2ರಂದು ಭಾರತದ ಆರೋಗ್ಯ ಸೇತು ಬಂದವು. ಪರಿಣಾಮದ ಲೆಕ್ಕ ಇಂದಿಗೂ ಚರ್ಚೆಯಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಆ್ಯಪ್ 2020ರ ಕೊನೆಯವರೆಗೆ ತಡೆದ ಸೋಂಕುಗಳನ್ನು 2021ರ ಒಂದೇ ಅಧ್ಯಯನ ಒಂದು ವಿಧಾನದಲ್ಲಿ 2.84 ಲಕ್ಷ, ಇನ್ನೊಂದರಲ್ಲಿ 5.94 ಲಕ್ಷ ಎಂದು ಅಂದಾಜಿಸಿತು.

ಕರ್ನಾಟಕದಲ್ಲಿ ಆಪ್ತಮಿತ್ರ ಸಹಾಯವಾಣಿ 14410 ಸಲಹೆ ನೀಡಿತು. ಕ್ವಾರಂಟೈನ್ ವಾಚ್ ಆ್ಯಪ್ ಮನೆಯಲ್ಲಿ ಪ್ರತ್ಯೇಕವಾಗಿದ್ದವರಿಂದ ಹಗಲು ಗಂಟೆಗೊಂದು ಸೆಲ್ಫಿ ಕೇಳಿತು. ಆರೋಗ್ಯ ಸೇತು ಬಳಕೆದಾರರ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚದಂತೆ ರಾಜ್ಯ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ನೀಡಿತು. ಸಂಪರ್ಕಿತರನ್ನು ಪತ್ತೆಹಚ್ಚುವ ಭಾಗವನ್ನು ನಂತರ ಈ ಆ್ಯಪ್‌ನಿಂದ ತೆಗೆಯಲಾಯಿತು.