ಬೇಗೂರಿನ ಶಾಸನವೂ ಕಾಲಾನುಕ್ರಮದ ಬೋಧನೆಯೂ

ಬೆಂಗಳೂರಿಗೆ ಆ ಹೆಸರು ಬಂದುದು ಹೇಗೆಂದು ಕೇಳಿದರೆ ಶಾಲೆಯ ಮಕ್ಕಳು ತಡವಿಲ್ಲದೆ ಹೇಳುವ ಕಥೆಯೊಂದುಂಟು. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು. ಅದರಿಂದ ಊರು ಬೆಂದಕಾಳೂರಾಯಿತು. ಅದೇ ಮಕ್ಕಳು ಮತ್ತೊಂದು ಪಾಠದಲ್ಲಿ, ಬೆಂಗಳೂರು ಕೆಂಪೇಗೌಡನಿಂದ 1537ರಲ್ಲಿ ಹುಟ್ಟಿತೆಂದು ಬರೆಯುತ್ತಾರೆ. ಬಲ್ಲಾಳನು ಪಟ್ಟವೇರಿದುದು 1173ರಲ್ಲಿ. ಹುಟ್ಟುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆಯೇ ಊರಿಗೆ ನಾಮಕರಣವಾಯಿತೆ ಎಂದು ಯಾರೂ ಕೇಳುವುದಿಲ್ಲ. ಇಸವಿಗಳು ಪುಸ್ತಕದಲ್ಲಿವೆ, ಅವುಗಳ ಪೌರ್ವಾಪರ್ಯವು ಮನಸ್ಸಿನಲ್ಲಿಲ್ಲ.

ಈ ದೋಷಕ್ಕೆ ಮದ್ದು ನಗರದ ತೆಂಕಣ ಭಾಗದಲ್ಲಿಯೇ ದೊರೆಯುತ್ತದೆ. 1948ರಲ್ಲಿ ಸ್ಥಾಪಿತವಾದ ಜಯನಗರದಿಂದ ಬಿ.ಟಿ.ಎಂ. ಬಡಾವಣೆಯನ್ನು ದಾಟಿ ಮುಂದೆ ಹೋದರೆ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯದ ಶಾಸನವೊಂದು, ನಾಗತ್ತರನ ಕಡೆಯವರು ಬೆಂಗಳೂರ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಅದನ್ನು ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯ ಅಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು.

ಆ ಕಲ್ಲಿನಲ್ಲಿ ಶಕವರ್ಷವಿಲ್ಲ. ಬೋಧನೆಗೆ ಇದು ಕೊರತೆಯಲ್ಲ, ಲಾಭ. ಕಾಲವನ್ನು ಇಲ್ಲಿ ಕಂಠಪಾಠದಿಂದ ಪಡೆಯುವಂತಿಲ್ಲ, ಸಂಬಂಧಗಳಿಂದ ಸಾಧಿಸಬೇಕು. ಬೇಗೂರಿನದೇ ಆದ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ನೆರವಿಗೆ ಬರುತ್ತದೆ. ನಾಗತ್ತರನು ತುಂಬೆಪಾಡಿಯಲ್ಲಿ ಕಾದಿ ಬಿದ್ದುದನ್ನೂ, ಬಳಿಕ ಗಂಗದೊರೆ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಮೊದಲಾದ ಹನ್ನೆರಡು ಊರುಗಳನ್ನು ಕೊಟ್ಟುದನ್ನೂ ಅದು ತಿಳಿಸುತ್ತದೆ. ಬೆಂಪೂರೆಂದರೆ ಬೇಗೂರೇ. ಎರೆಯಪ್ಪನ ಕಾಲವು ಅನ್ಯ ಆಧಾರಗಳಿಂದ ವೇದ್ಯ. ಅವನಿಂದ ನಾಗತ್ತರನ ಕಾಲ, ನಾಗತ್ತರನಿಂದ ಕಾಳಗದ ಕಾಲ. ಲಿಪಿಯ ರೂಪವೂ ಇದಕ್ಕೆ ಒಪ್ಪುವುದರಿಂದ ವಿದ್ವಾಂಸರು ಶಾಸನವನ್ನು ಕ್ರಿ.ಶ. ಸುಮಾರು 890ಕ್ಕೆ ಸೇರಿಸಿದ್ದಾರೆ. ಬಲ್ಲಾಳನ ಪಟ್ಟಾಭಿಷೇಕಕ್ಕೆ ಸುಮಾರು 280 ವರ್ಷ ಮೊದಲೇ ಹೆಸರಿತ್ತೆಂದಾಯಿತು. ಕಾರ್ಯಕ್ಕೆ ಮೊದಲು ಇಲ್ಲದುದು ಅದಕ್ಕೆ ಕಾರಣವಾಗಲಾರದೆಂಬುದನ್ನು ತರ್ಕದ ಮೊದಲ ಪಾಠ ಓದಿದ ವಟುವೂ ಬಲ್ಲನು.

ಆದರೆ ಅಧ್ಯಾಪಕರು ಸಂಭ್ರಮದಲ್ಲಿ ಹೆಚ್ಚು ಹೇಳಿಬಿಡಬಾರದು. ಈ ಶಾಸನದಿಂದ ಬೀಳುವುದು ಬಲ್ಲಾಳನ ಕಥೆ ಮಾತ್ರ. ಬೆಂದಕಾಳೆಂಬ ನಿರುಕ್ತಿಯು ಸರಿಯೋ ತಪ್ಪೋ ಎಂಬುದನ್ನು ಕಾಲಗಣನೆಯೊಂದೇ ನಿರ್ಣಯಿಸಲಾರದು. ಅದು ಭಾಷಾಶಾಸ್ತ್ರದ ವಿಷಯ. ಕೆಂಪೇಗೌಡನ ಕೀರ್ತಿಗೂ ಇದರಿಂದ ಕುಂದಿಲ್ಲ. ಕೋಟೆ ಪೇಟೆಗಳು ಅವನವು. ಹೆಸರು ಅವನಿಗಿಂತ ಹಳೆಯದು.

ಮನೆಯ ಹಿರಿಯರ ಸಂವತ್ಸರದ ಎಣಿಕೆಯನ್ನೂ ತರಗತಿಗೆ ತರಬಹುದು. 1537 ಹೇವಿಳಂಬಿ; 1957, 2017 ಕೂಡ ಹೇವಿಳಂಬಿಯೇ. ಹೇವಿಳಂಬಿಯಲ್ಲಿ ಹುಟ್ಟಿದವನೆಂದಷ್ಟೇ ಹೇಳಿದರೆ ಅಜ್ಜನೋ ಮೊಮ್ಮಗನೋ ತಿಳಿಯದು. ಶಕ 1459 ಎಂದು ಸೇರಿಸಿ, ಅದಕ್ಕೆ 78ನ್ನು ಕೂಡಿಸಿದರೆ ಸಂಶಯವಿಲ್ಲ.

ಬಳಿಕ ನೂರು ವರ್ಷಕ್ಕೊಂದು ಗೇಣಿನಂತೆ ನೆಲದ ಮೇಲೆ ಗೆರೆಯೆಳೆಯಿಸಬೇಕು. ಬೇಗೂರಿನ ಕಲ್ಲಿನಿಂದ ಬಲ್ಲಾಳನಿಗೆ ಮೂರು ಗೇಣಿಗೆ ತುಸು ಕಡಿಮೆ, ಕೆಂಪೇಗೌಡನಿಗೆ ಆರೂವರೆ ಗೇಣು. ಅಲ್ಲಿಂದ ಜಯನಗರಕ್ಕೆ ನಾಲ್ಕೇ ಗೇಣು.