ಅಜ್ಜನ ಚಾಕು, ನನ್ನ ಸೆಬೆಂಜಾ

ಎಕ್ಸ್‌ರೇ ಪರದೆಯ ಮುಂದೆ ಕೂತಿದ್ದವರು ನನ್ನ ಬ್ಯಾಗನ್ನ ಪಕ್ಕಕ್ಕೆ ಎಳೆದು, "ಒಳಗೆ ಚಾಕು ಇದೆಯಾ ಸರ್?" ಅಂದರು. ಇರಲಿಕ್ಕಿಲ್ಲ ಅಂದೆ. ಇತ್ತು. ಊರಿಂದ ತಂದ ಬ್ಯಾಗನ್ನ ಖಾಲಿ ಮಾಡದೆ ಹಾಗೇ ಹೆಗಲಿಗೇರಿಸಿಕೊಂಡು ವಿಮಾನಕ್ಕೆ ಹೊರಟಿದ್ದೆ. ಸಣ್ಣ ಜಿಪ್ಪಿನೊಳಗೆ ಹಳೇ ಬಸ್ ಟಿಕೆಟ್ಟಿನ ಜತೆ ಅಜ್ಜನ ಮಡಚೋ ಚಾಕು ಮಲಗಿತ್ತು. "ಯಾರಾದ್ರೂ ಬಂದು ತಗೊಂಡು ಹೋಗ್ತಾರಾ, ಇಲ್ಲೇ ಬಿಡ್ತೀರಾ?" ಅಂತ ಕೇಳಿದರು, ಮರ್ಯಾದೆಯಿಂದಲೇ. ಹಿಂದೆ ಕ್ಯೂ ಇತ್ತು. ಗೇಟು ಮುಚ್ಚೋಕೆ ಹದಿನೈದು ನಿಮಿಷ. ಬಿಟ್ಟೆ ಅಂದೆ. ಉಗುರು ಕತ್ತರಿ, ಲೈಟರ್, ಸ್ಕ್ರೂಡ್ರೈವರ್‌ಗಳಿದ್ದ ಒಂದು ಡಬ್ಬಿಗೆ ಅದು ಟಣ್ ಅಂತ ಬಿತ್ತು.

ತಪ್ಪು ನನ್ನದೇ. ನಿಯಮ ಗೊತ್ತಿದ್ದವನೇ ನಾನು. ಆದರೆ ವಿಮಾನ ಏರಿದ ಮೇಲೆ ಪೂರಾ ಎರಡು ತಾಸು ತಲೆಯಲ್ಲಿ ಒಂದೇ ಕೊರೆತ: ಅರವತ್ತು ವರ್ಷ ಒಬ್ಬ ಮನುಷ್ಯನ ಸೊಂಟದಲ್ಲಿದ್ದ ವಸ್ತು ಅಪಾಯಕಾರಿ ಆಗಿದ್ದು ಯಾವಾಗಿಂದ?

ನಮ್ಮೂರು ಗಳಗನಾಥ. ತುಂಗಭದ್ರೆಗೆ ವರದೆ ಬಂದು ಸೇರೋ ಜಾಗ. ಹೊಳೆದಂಡೆಗೆ ಗಳಗೇಶ್ವರನ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ್ದು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು, ಬರೆದ ಪುಸ್ತಕಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಾದಂಬರಿಕಾರ ಗಳಗನಾಥರ ಹೆಸರು ಕೇಳಿರ್ತೀರಿ. ಅವರ ಐತಿಹಾಸಿಕ ಕಾದಂಬರಿಗಳ ತುಂಬ ಕತ್ತಿಗಳು. ನಮ್ಮ ಕಡೆಯ ವೀರಗಲ್ಲುಗಳಲ್ಲೂ ಅಷ್ಟೇ. ಕತ್ತಿ, ಸುರಗಿ, ಬಿಲ್ಲು. ಮಡಚೋ ಚಾಕುವಿಗೆ ಮಾತ್ರ ಯಾರೂ ಕಲ್ಲು ನೆಟ್ಟಿಲ್ಲ, ಯಾರೂ ಕಾದಂಬರಿ ಬರೆದಿಲ್ಲ.

ಅಜ್ಜನ ಚಾಕು ಗುತ್ತಲದ ಸಂತೆಯಲ್ಲಿ ಕೊಂಡದ್ದು. ಉಡದಾರಕ್ಕೆ ಒಂದು ದಾರ, ದಾರಕ್ಕೆ ಟ್ರಂಕಿನ ಕೀಲಿ, ಕೀಲಿಯ ಪಕ್ಕ ಚಾಕು. ಬೆಳಿಗ್ಗೆ ಬೇವಿನ ಕಡ್ಡಿಯ ತುದಿ ಚೂಪು ಮಾಡೋದರಿಂದ ಅದರ ಕೆಲಸ ಶುರು. ಎತ್ತಿನ ಕಣ್ಣಿ ಕೊಯ್ಯೋದು, ಬಾರುಕೋಲಿನ ಬಾರು ಸೀಳೋದು, ಬುತ್ತಿ ಜತೆ ಉಳ್ಳಾಗಡ್ಡಿ, ಊಟ ಆದಮೇಲೆ ಸವಣೂರು ಎಲೆಯ ತೊಟ್ಟು, ಸಂಜೆ ನನ್ನ ಪೆನ್ಸಿಲ್ಲು. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೇರಿಕೊಂಡು ಹೋದರೆ ಚೀಲದ ಬಾಯಿ ಬಿಚ್ಚೋದು ಅದೇ ಚಾಕು. ಆಮೇಲೆ ಎರಡು ದಿನ ಅದರಿಂದ ಏನು ಹೆಚ್ಚಿದರೂ ಖಾರ. ಮೊಂಡಾದರೆ ಹೊಳೆದಂಡೆಯ ಕರಿಕಲ್ಲಿಗೆ ನೀರು ಚಿಮುಕಿಸಿ ಮಸೆಯೋನು. ಮಸೆದು ಮಸೆದು ಅಲಗು ಅರ್ಧಕ್ಕರ್ಧ ಸವೆದಿತ್ತು.

ಹಿಡಿಕೆ ಮೊದಲು ಪ್ಲಾಸ್ಟಿಕ್‌ದಿತ್ತಂತೆ. ಒಡೆದಾಗ ಊರ ಬಡಿಗೇರ ಅಜ್ಜ ಎರಡು ಜಾಲಿ ಚಕ್ಕೆ ಕೆತ್ತಿ, ಹಿತ್ತಾಳೆ ಮೊಳೆ ಹೊಡೆದು ಕೂಡಿಸಿಕೊಟ್ಟಿದ್ದ. ಒಂದು ಚಕ್ಕೆ ಮೊಳೆಯ ಹತ್ತಿರ ಸೀಳಿತು. ಸೀಳಿದಷ್ಟನ್ನ ಉಳಿಯಿಂದ ತೆಗೆದು, ಯಾರದೋ ಮನೆಯ ಬಾಗಿಲಿನ ಕೆಲಸದಲ್ಲಿ ಉಳಿದಿದ್ದ ಬೀಟೆ ತುಂಡನ್ನ ಉಗುರಿನಷ್ಟು ಕತ್ತರಿಸಿ ಅಲ್ಲಿ ಕೂರಿಸಿದ. ಕೆಂಚು ಜಾಲಿಯ ನಡುವೆ ಕಪ್ಪು ಬೀಟೆಯ ಚೂರು. ತೇಪೆ, ಅಷ್ಟೇ. ಇದಕ್ಕೆ ಇನ್‌ಲೇ ಅಂತ ಹೆಸರಿದೆ, ಮೈಸೂರಿನಲ್ಲಿ ಇದೇ ಕೆಲಸವನ್ನ ತಲೆಮಾರುಗಳಿಂದ ಮಾಡೋ ಕುಶಲಕರ್ಮಿಗಳಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ ಅರಮನೆ ನೋಡಲು ಹೋದಾಗ. ಬೀಟೆ ಮರದ ಬಾಗಿಲಲ್ಲಿ ಆನೆದಂತ ಕೂರಿಸಿದ್ದು ಕಂಡು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ದಂತದ ವ್ಯಾಪಾರ ನಿಷೇಧ ಆದಮೇಲೆ ಈಗ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನೇ ಕೂರಿಸ್ತಾರೆ. ಮೈಸೂರು ಬೀಟೆ ಇನ್‌ಲೇಗೆ ಜಿಐ ಟ್ಯಾಗ್ ಕೂಡ ಇದೆ. ನಮ್ಮ ಬಡಿಗೇರಜ್ಜನಿಗೆ ಸಿಕ್ಕಿದ್ದು ಮಾತ್ರ ವರ್ಷಕ್ಕೊಮ್ಮೆ ಕಣದಲ್ಲಿ ಆಯದ ಜೋಳ.

ಒಂದು ಸಣ್ಣ ಅಡ್ಡಮಾತು. ಕತ್ತಿ ನಮ್ಮದೇ ಮಾತು, ಚೂರಿ ಸಂಸ್ಕೃತದ ಕಡೆಯಿಂದ ಬಂದದ್ದು. 'ಚಾಕು' ತುರ್ಕಿ-ಪಾರ್ಸಿ ಮಾತು. ಅದನ್ನ ಇಟ್ಟುಕೊಳ್ಳೋ 'ಕಿಸೆ'ಯೂ ಆ ಕಡೆಯಿಂದಲೇ ಬಂದದ್ದು. ಪಂಚೆಗೆ ಕಿಸೆ ಎಲ್ಲಿಂದ ಬರಬೇಕು? ಅದಕ್ಕೇ ಅಜ್ಜನ ಚಾಕು ಉಡದಾರದಲ್ಲಿ ತೂಗುತ್ತಿತ್ತು.

ಈಗ ನನ್ನ ಚಾಕುವಿನ ಕಥೆ. ನಾಚಿಕೆ ಬಿಟ್ಟು ಹೇಳ್ತೀನಿ. ಆನ್‌ಸೈಟ್‌ಗೆ ಅಂತ ಅಮೆರಿಕಕ್ಕೆ ಹೋದಾಗ ಅಲ್ಲಿನ ಟೀಮ್‌ನವನೊಬ್ಬ ದಿನಾ ಕಿಸೆಯಿಂದ ಒಂದು ಚಾಕು ತೆಗೆದು ಸೇಬು ಹೆಚ್ಚುತ್ತಿದ್ದ. ಟೈಟಾನಿಯಂ ಹಿಡಿಕೆ, ಅದರೊಳಗೆ ನವಿರಾಗಿ ಕೂರಿಸಿದ ಮರ. ಹೆಸರು ಸೆಬೆಂಜಾ. ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್ 1987ರಲ್ಲಿ ಹೊರತಂದ ವಿನ್ಯಾಸ. ಎರಡು ವರ್ಷಕ್ಕೆ ಆತ ಅಮೆರಿಕದ ಐಡಾಹೋಗೆ ಹೋಗಿ ನೆಲೆಸಿದ. ಹಿಡಿಕೆಯ ಒಂದು ಪಕ್ಕವೇ ಒಳಗೆ ಬಾಗಿ ಅಲಗಿಗೆ ಒತ್ತಾಗಿ ನಿಲ್ಲೋ ಬೀಗ, ನಮ್ಮಂಥ ಇಂಜಿನಿಯರುಗಳ ಮನಸ್ಸು ಕದಿಯೋಕೆ ಅಷ್ಟೇ ಸಾಕು. ಉಳಿಸಿದ ಭತ್ಯೆಯೆಲ್ಲ ಅದಕ್ಕೇ ಹೋಯಿತು. ಚೆಕ್-ಇನ್ ಲಗೇಜಿನಲ್ಲಿ ಬಟ್ಟೆ ಸುತ್ತಿ ತಂದೆ.

ಊರಿಗೆ ಹೋದಾಗ ಅಜ್ಜನ ಕೈಗೆ ಕೊಟ್ಟೆ. ತೆಗೆದ, ಮಡಚಿದ, ತೆಗೆದ. ಹೆಬ್ಬೆರಳಿಂದ ಮರದ ಮೇಲೆ ಸವರಿದ.

"ಮಸ್ತ್ ಐತಲ್ಲೋ ತಮ್ಮಾ. ಎಷ್ಟು ಕೊಟ್ಟಿ?"

ಅರ್ಧಕ್ಕರ್ಧ ಇಳಿಸಿ ಹೇಳಿದೆ. ಆದರೂ ಅಜ್ಜ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ, "ಇದರಾಗ ಏನ್ ಕೊಯ್ತಿ?" ಅಂದ.

ಕೊರಿಯರ್ ಡಬ್ಬಿ ಕೊಯ್ತೀನಿ ಅಂತ ಹೆಂಗೆ ಹೇಳೋದು? ಅದೂ ಸುಳ್ಳೇ. ಗೆರೆ ಬೀಳುತ್ತೆ ಅಂತ ಡಬ್ಬಿಗೂ ಬೇರೆ ಎಪ್ಪತ್ತು ರೂಪಾಯಿಯ ಕಟರ್ ಇಟ್ಟುಕೊಂಡಿದ್ದೆ. ಸೆಬೆಂಜಾ ಅಂದರೆ ಜುಲು ಭಾಷೆಯಲ್ಲಿ 'ಕೆಲಸ' ಅಂತ ಅರ್ಥ. ಅದನ್ನ ಅಜ್ಜನಿಗೆ ಹೇಳಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಚಾಕು ನನಗೆ ಬಂತು, ಬೇರೆ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ನಿಜವಾಗಿ ನಾನು ಬಳಸುತ್ತಿದ್ದದ್ದು ಅದನ್ನೇ. ಮಾವಿನಕಾಯಿಗೆ, ಹಗ್ಗಕ್ಕೆ, ಹಾಲಿನ ಪ್ಯಾಕೆಟ್ಟಿಗೆ. ಡಬ್ಬಿಯಲ್ಲಿ ಟಣ್ ಅಂದದ್ದು ಅದೇ.

ಆ ಎರಡು ತಾಸಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ಮುಟ್ಟಿದ್ದು 1857ಕ್ಕೆ. ಉತ್ತರದಲ್ಲಿ ದಂಗೆ ಎದ್ದ ಆ ವರ್ಷ ಕಂಪನಿ ಸರ್ಕಾರ ಒಂದು ಕಾನೂನು ತಂತು: ಆಯುಧ ಇದ್ದವರು ನೋಂದಾಯಿಸಬೇಕು, ಪರವಾನಗಿ ಇಲ್ಲದಿದ್ದರೆ ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡು ಅನ್ನೋದು ನನ್ನಂಥವನಿಗೆ ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಹೋಗು ಅಂದಂತೆ, ಅಂತ ಬರೆಯಹೊರಟಿದ್ದೆ. ಹೋಲಿಕೆ ಸರಿಯಲ್ಲ. ನನಗೆ ಬೇರೆ ಲ್ಯಾಪ್‌ಟಾಪ್ ಸಿಗುತ್ತೆ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಇಟ್ಟಿತು. 290 ಜನರನ್ನ ಹಿಡಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ ಆರು ಜನ ಗಲ್ಲಿಗೇರಿದರು.

ಇದರ ಮೇಲೆ ಒಂದು ಲಾವಣಿ ಇದೆ, ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದು. ಶಾಸನಗಳನ್ನ ಓದೋ ಫ್ಲೀಟ್ ಬ್ರಿಟಿಷ್ ಅಧಿಕಾರಿಯೇ, ಆದರೂ ಈ ಹಾಡನ್ನ ಬರೆದಿಟ್ಟುಕೊಂಡ. ಅದರಲ್ಲಿ ದಂಡಿನವರು ಹಲಗಲಿಯಿಂದ ಏನೇನು ದೋಚಿದರು ಅಂತ ಪಟ್ಟಿ ಬರುತ್ತೆ. ಕೊಡಲಿ ಇದೆ, ಕಬ್ಬಿಣ ಇದೆ. ಅಲ್ಲಿಗೆ ನಿಲ್ಲೋದಿಲ್ಲ. ಮೊಸರು, ಬೆಣ್ಣೆ, ಉಪ್ಪು, ಅರಿಶಿನ, ತಾಳಿ, ಬೀಸುಕಲ್ಲಿನ ತನಕ ಹೋಗುತ್ತೆ. ಆಯುಧ ತಗೊಂಡು ಹೋಗಲು ಬಂದವರಿಗೆ ಆಯುಧ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತೆ ಅನ್ನೋದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬೇಕಿರಲಿಲ್ಲ. ನಾನು ಎರಡನೆಯದನ್ನೇ ನಂಬ್ತೀನಿ.

ಇದೇ ಕಾನೂನು ಕೊಡಗಿನಲ್ಲಿ ಬೇರೆ ಮುಖ ತೋರಿಸಿತು. 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ (ಹೌದು, ನೀವು ಭಾನುವಾರ ವಾಕ್ ಹೋಗೋ ಪಾರ್ಕಿನ ಕಬ್ಬನ್ನೇ), ಕೊಡವರಿಗೆ ಈ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತು, ನಿಷ್ಠೆಗೆ ಮೆಚ್ಚುಗೆಯಾಗಿ. ಇವತ್ತಿಗೂ ಬಂದೂಕಿನ ಪರವಾನಗಿಯಲ್ಲಿ ಆ ವಿನಾಯಿತಿ ಮುಂದುವರಿದಿದೆ. ಬೆಳ್ಳಿ ಕೆಲಸದ ಪೀಚೆಕತ್ತಿಯನ್ನ ಸೊಂಟದ ರೇಷ್ಮೆ ಚೇಲೆಗೆ ಸಿಕ್ಕಿಸಿಕೊಂಡು ಮದುವೆಗೆ ನಿಂತ ಕೊಡವ ಗೆಳೆಯನನ್ನ ನೋಡಿದಾಗ ಹೊಟ್ಟೆಕಿಚ್ಚು ಆಗಿದ್ದು ಖರೆ. ಅವರ ಮೇಲೆ ಅಲ್ಲ. ಒಂದೇ ಕಾನೂನು, ಮೂರು ನಾಲ್ಕು ವರ್ಷದ ಅಂತರ, ಒಂದು ಊರಿಗೆ ನೇಣು, ಇನ್ನೊಂದು ನಾಡಿಗೆ ಗೌರವ.

ಸ್ವತಂತ್ರ ಭಾರತದ ಆಯುಧ ಕಾಯ್ದೆ ಬಂದದ್ದು 1959ರಲ್ಲಿ. ಅದರ ನಿಯಮಗಳಲ್ಲಿ ಒಂದು ಅಳತೆ ಇದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ. ಆದರೆ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದಾದರೆ ಅಲ್ಲ. ಆ 'ಬೇಸಾಯ' ಅನ್ನೋ ಒಂದು ಮಾತಿನಲ್ಲಿ ನಮ್ಮೂರಿನ ಕುಡಗೋಲು, ಕೊಡಲಿ, ಅಜ್ಜನ ಚಾಕು ಎಲ್ಲ ಉಳಿದುಕೊಂಡವು. ಅಳತೆ ಎಲ್ಲ ಕಡೆ ಅಷ್ಟು ಸಡಿಲ ಇಲ್ಲ. ದೆಹಲಿಯಲ್ಲಿ ಬಟನ್ ಚಾಕುವಿನ ಅಲಗು 7.62 ಸೆಂಟಿಮೀಟರ್ ಮುಟ್ಟಿದರೆ ಪರವಾನಗಿ ಬೇಕು. ಹಿಂದಿ ಸಿನಿಮಾದ ವಿಲನ್‌ಗಳು ಕಟ್ ಅಂತ ತೆಗೆಯುತ್ತಿದ್ದ ರಾಂಪುರಿ ಚಾಕುವಿನಿಂದ ಮಡಚೋ ಚಾಕುಗಳ ಕುಲಕ್ಕೇ ಬಂದ ಕೆಟ್ಟ ಹೆಸರು ಇನ್ನೂ ಹೋಗಿಲ್ಲ.

ವಿಮಾನದ ನಿಯಮವಂತೂ ತೀರಾ ಈಚಿನದು. 2001ರ ಸೆಪ್ಟೆಂಬರ್ 11ರ ತನಕ ಅಮೆರಿಕದ ವಿಮಾನಗಳಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಅಲಗಿನ ಚಾಕುವನ್ನ ಕಿಸೆಯಲ್ಲಿಟ್ಟುಕೊಂಡೇ ಹತ್ತಬಹುದಿತ್ತು. ಆಮೇಲೆ ಆಗಿದ್ದು ನಿಮಗೂ ಗೊತ್ತು. ಈ ನಿಯಮಕ್ಕೆ ಕಾರಣ ಇದೆ, ಹೆಣಗಳ ಲೆಕ್ಕ ಇದೆ. ನಾನು ಅದನ್ನ ಆಡಿಕೊಳ್ಳೋದಿಲ್ಲ. ಹಲಗಲಿಯಲ್ಲಿ ಬಂದೂಕು ಹಿಡಿದು ಬಂದವರು ಯಾರನ್ನೂ ಮರ್ಯಾದೆಯಿಂದ "ಬಿಡ್ತೀರಾ?" ಅಂತ ಕೇಳಿರಲಿಲ್ಲ ಅನ್ನೋದೂ ನೆನಪಿದೆ.

ಕನ್ನಡದಲ್ಲಿ ಕೊಲ್ಲೋದಕ್ಕೂ ಆಯುಧ, ಕೊಯ್ಯೋದಕ್ಕೂ ಆಯುಧ. ಮಹಾನವಮಿಯ ದಿನ ನಮ್ಮ ಕಡೆ ಖಂಡೆ ಪೂಜೆ. ಕುಡಗೋಲು, ಕುರ್ಪಿ, ಕೊಡಲಿ, ಕೂರಿಗೆ, ಪಂಪ್‌ಸೆಟ್ಟಿನ ಪಾನ, ಈಚೆಗೆ ನನ್ನ ಲ್ಯಾಪ್‌ಟಾಪ್, ಎಲ್ಲ ಒಂದೇ ಕಂಬಳಿಯ ಮೇಲೆ. ಹಾಗೆ ಇಡುವಾಗ ಯಾರೂ ಇಂಚುಪಟ್ಟಿ ಹಿಡಿಯೋದಿಲ್ಲ.

ಈ ಸಲದ ನವಮಿಗೆ ಊರಿಗೆ ಹೋದಾಗ ಅಪ್ಪ ಕಂಬಳಿ ಹಾಸಿ, "ಅಜ್ಜನ ಚಾಕು ತಂದಿಯೇನೋ?" ಅಂದ. ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ, ಕುಡಗೋಲುಗಳನ್ನ ಸರಿಸಿ ನಡುವೆ ಬಿಟ್ಟಿದ್ದ ಜಾಗವನ್ನ ಮುಚ್ಚಿದ. ನಾನು ಒಳಗೆ ಹೋಗಿ ಬ್ಯಾಗಿನಿಂದ ಸೆಬೆಂಜಾ ತಂದು ಕೊನೆಯಲ್ಲಿಟ್ಟೆ. ಅಪ್ಪ ಎಲ್ಲದಕ್ಕೂ ವಿಭೂತಿ, ಕುಂಕುಮ ಹಚ್ಚುತ್ತಾ ಬಂದ. ನನ್ನದರ ಹತ್ತಿರ ಬಂದಾಗ, ಮರಕ್ಕೆ ಕುಂಕುಮದ ಕಲೆ ಹಿಡಿಯುತ್ತೆ ಅನ್ನೋ ಮಾತು ಬಾಯಿ ತನಕ ಬಂತು. ನುಂಗಿಕೊಂಡೆ.

ಪೂಜೆ ಮುಗೀತು. ಅವ್ವ ಲಿಂಬೆಹಣ್ಣು ಹಿಡಿದು ನಿಂತಿದ್ದಳು. ಈಳಿಗೆ ದೂರ ಇತ್ತು, ಕುಡಗೋಲಿಗೆಲ್ಲ ಹೂವು ಏರಿಸಿದ್ದರು. "ಇದು ಹರಿತ ಐತೇನೋ?" ಅಂತ ನನ್ನನ್ನೇ ಕೇಳುತ್ತಾ ಸೆಬೆಂಜಾ ಎತ್ತಿಕೊಂಡಳು. ತೆಗೆಯೋದು ಹೆಂಗೆ ಅಂತ ನಾನು ತೋರಿಸೋ ಮೊದಲೇ ತೆಗೆದಿದ್ದಳು. ಲಿಂಬೆ ಎರಡು ಹೋಳಾಯಿತು, ರಸ ಅಲಗಿನಿಂದ ಹಿಡಿಕೆಯ ಮರಕ್ಕೆ ಇಳಿಯಿತು. ಸೆರಗಿನಿಂದ ಒರೆಸಿ, ಮಡಚಿ, ಅಡುಗೆಮನೆಗೆ ತಗೊಂಡು ಹೋದಳು.